ಊರೇ ಇಲ್ಲದ ಗುಡ್ಡದ ಮೇಲೆ ಒಂದು ಇಗರ್ಜಿ, ಪಕ್ಕದಲ್ಲಿ ಹೊಸ ಗೋರಿಗಳು. ಇದು ಎಂತ ಜಾಗ?

ಕಡಲತಡಿ_ಉಡುಪಿ:
ಎಲ್ಲರಿಗೂ ನಮಸ್ಕಾರ. ನಾನು ಕೆಲವು ವರ್ಷ ಇಸ್ರೇಲಿನ ನಹಾರಿಯಾದಲ್ಲಿ ಕೇರ್‌ಗಿವರ್ ಆಗಿದ್ದೆ. ಒಬ್ಬರು ಅಜ್ಜಿಯನ್ನು ನೋಡಿಕೊಳ್ಳುವ ಕೆಲಸ. ನಮ್ಮ ಉಡುಪಿ, ಮಂಗಳೂರು ಕಡೆಯವರು ಅಲ್ಲಿ ತುಂಬಾ ಜನ ಉಂಟು, ನಿಮಗೆ ಗೊತ್ತಿರಬಹುದು. ಈಗ ಊರಿಗೆ ಬಂದಾಯ್ತು.

ನಿನ್ನೆ ಫೋನ್ ಖಾಲಿ ಮಾಡುವಾಗ 2019ರ ಕೆಲವು ಫೋಟೋ ಸಿಕ್ಕಿತು. ಒಂದು ಶನಿವಾರ ರಜೆ ಇತ್ತು. ಶನಿವಾರ ಅಲ್ಲಿ ಬಸ್ಸಿಲ್ಲ, ಹಾಗಾಗಿ ನಾವು ನಾಲ್ಕು ಜನ ಸೇರಿ ತರ್ಶೀಹಾದ ಒಬ್ಬರು ಅರಬ್ ಅಂಕಲ್‌ನ ಟ್ಯಾಕ್ಸಿ ಮಾಡಿಕೊಂಡು ಲೆಬನಾನ್ ಗಡಿ ಪಕ್ಕದ ರಸ್ತೆಯಲ್ಲಿ ಸುತ್ತಾಡಿದೆವು. ಒಂದು ಗುಡ್ಡದ ಹತ್ತಿರ ಅವರೇ ಗಾಡಿ ನಿಲ್ಲಿಸಿದರು. ಮೇಲೆ ಕಲ್ಲಿನ ಇಗರ್ಜಿ, ಗಂಟೆ ಎಲ್ಲ ಉಂಟು. ಸುತ್ತ ಒಂದು ಮನೆಯೂ ಇಲ್ಲ! ಬರೀ ಕಲ್ಲಿನ ರಾಶಿ, ಅಂಜೂರದ ಮರ, ಮುಳ್ಳು. ಕೆಳಗೆ ಸಿಮೆಟ್ರಿ ಇತ್ತು. ನನಗೆ ಆಶ್ಚರ್ಯ ಆದದ್ದು ಅದೇ. ಊರು ಹಾಳು ಬಿದ್ದು ಎಷ್ಟು ಕಾಲ ಆಗಿದೆಯೋ, ಆದರೆ ಕೆಲವು ಗೋರಿ ಹೊಸತು, ಹೂವು ಕೂಡ ಬಾಡಿರಲಿಲ್ಲ.

ಅಂಕಲ್‌ಗೆ ಇಂಗ್ಲಿಷ್ ಬರುವುದಿಲ್ಲ, ನನಗೆ ಬರುವುದು ಅಡುಗೆಮನೆ ಹೀಬ್ರೂ ಮಾತ್ರ. ಅವರು "ಇಕ್ರಿತ್, ಇಕ್ರಿತ್" ಅಂದರು, ಆಮೇಲೆ ಎರಡು ಬೆರಳು ತೋರಿಸಿ ಏನೋ ಹೇಳಿದರು. ಎರಡು ಗಂಟೆಗೆ ಹೊರಡಬೇಕು ಅಂತ ಹೇಳುತ್ತಿದ್ದಾರೆ ಅಂದುಕೊಂಡು ನಾವು ಓಡೋಡಿ ಬಂದು ಗಾಡಿ ಹತ್ತಿದೆವು. ಅವರು ನಕ್ಕುಬಿಟ್ಟರು. ವಾಪಸ್ ಬಂದು ಅಜ್ಜಿಯ ಮಗಳ ಹತ್ತಿರ ಕೇಳಿದರೆ "ಹಳೇ ಅವಶೇಷ" ಅಂತ ಮಾತು ಮುಗಿಸಿದರು.

ಈ ಊರಿನ ಕಥೆ ಯಾರಿಗಾದರೂ ಗೊತ್ತುಂಟಾ? ಊರಿಲ್ಲದಲ್ಲಿ ಹೊಸ ಗೋರಿ ಹೇಗೆ?

ನಕ್ಷೆಹುಚ್ಚ:
ಇಕ್ರಿತ್ ಹೌದು. ಇಸ್ರೇಲಿನ ಉತ್ತರ ಭಾಗಕ್ಕೆ ಗಲಿಲಾಯ ಅಂತಾರೆ, ಅದರ ಉತ್ತರ ತುದಿ, ಲೆಬನಾನ್ ಗಡಿಗೆ ಕೂಗಳತೆ. ಈಗಿನ ನಕ್ಷೆಯಲ್ಲಿ ಆ ಹೆಸರಿನ ಊರು ಸಿಗುವುದಿಲ್ಲ. ಸುತ್ತ ಶೋಮೆರಾ, ಎವೆನ್ ಮೆನಾಖೆಮ್, ಗೊರೆನ್ ಅಂತ ಇಸ್ರೇಲಿ ಕೃಷಿ ಗ್ರಾಮಗಳು ಕಾಣುತ್ತವೆ. ಬ್ರಿಟಿಷರ ಕಾಲದ ಪ್ಯಾಲೆಸ್ತೀನ್ ನಕ್ಷೆ ತೆಗೆದರೆ ಇಕ್ರಿತ್ ದಪ್ಪ ಅಕ್ಷರದಲ್ಲಿದೆ. 1945ರ ಲೆಕ್ಕದಲ್ಲಿ ಜನಸಂಖ್ಯೆ 490. ಹೆಚ್ಚೂಕಡಿಮೆ ಎಲ್ಲ ಕ್ರೈಸ್ತರು, ಒಂದು ಮೂವತ್ತು ಜನ ಮುಸ್ಲಿಮರು.

ಸುಮ್ನೆಓದ್ತೀನಿ:
1967ರ ಯುದ್ಧದಲ್ಲಿ ಖಾಲಿ ಆದ ಊರು ತಾನೇ? ಆರು ದಿನದ ಯುದ್ಧ.

ನಕ್ಷೆಹುಚ್ಚ:
ಅಲ್ಲ ಗುರುಗಳೇ, 1948. ನೀವು ಇಮ್ವಾಸ್ ಜತೆ ಕಲಸಿಕೊಂಡಿದ್ದೀರಿ. ಇಮ್ವಾಸ್, ಯಾಲೋ, ಬೇತ್ ನೂಬಾ ಅಂತ ಲತ್ರೂನ್ ಹತ್ತಿರದ ಮೂರು ಊರುಗಳನ್ನು 1967ರ ಜೂನ್‌ನಲ್ಲಿ ನೆಲಸಮ ಮಾಡಿದರು. ಇಮ್ವಾಸ್, ಯಾಲೋ ಇದ್ದಲ್ಲಿ ಈಗ 'ಕೆನಡಾ ಪಾರ್ಕ್'. ಜನ ಭಾನುವಾರ ಬುತ್ತಿ ಕಟ್ಟಿಕೊಂಡು ಹೋಗುವ ಜಾಗ. ಭಾನುವಾರ ಅಲ್ಲ, ಶನಿವಾರ.

ಸುಮ್ನೆಓದ್ತೀನಿ:
ಸರಿ ಸರಿ, ತಪ್ಪಾಯ್ತು. ಹೆಸರಿಗೆ ತಕ್ಕಂತೆ ಸುಮ್ನೆ ಓದ್ತೀನಿ.

ಕರಿಕೋಟು:
ಈ ಊರಿನ ಕಥೆ ನನಗೆ ಕಾನೂನು ಓದುವ ಕಾಲದಿಂದ ಗೊತ್ತು. ಬೇರೆ ಊರುಗಳ ಕಥೆ ಯುದ್ಧದ ಕಥೆ, ಇಕ್ರಿತ್‌ದು ಕೋರ್ಟಿನ ಕಥೆ. ಸ್ವಲ್ಪ ಉದ್ದ ಆಗುತ್ತೆ, ಚಹಾ ತಗೊಂಡು ಕೂತ್ಕೊಳ್ಳಿ.

1948ರ ಅಕ್ಟೋಬರ್ ಕೊನೆಯಲ್ಲಿ ಇಸ್ರೇಲಿ ಸೇನೆ 'ಹಿರಾಮ್' ಅನ್ನೋ ಕಾರ್ಯಾಚರಣೆ ಮಾಡಿ ಮೇಲಿನ ಗಲಿಲಾಯ ಪೂರ್ತಿ ಹಿಡಿಯಿತು. ಅಕ್ಟೋಬರ್ 31ರಂದು ಇಕ್ರಿತ್ ಶರಣಾಯಿತು. ಗುಂಡು ಹಾರಲಿಲ್ಲ, ಯಾರೂ ಓಡಿಹೋಗಲೂ ಇಲ್ಲ. ನವೆಂಬರ್ ಆರಂಭದಲ್ಲಿ ಸೇನೆ ಬಂದು, ಗಡಿಯಲ್ಲಿ ಪರಿಸ್ಥಿತಿ ಸರಿಯಿಲ್ಲ, ಹದಿನೈದು ದಿನದ ಮಟ್ಟಿಗೆ ಬೇರೆ ಕಡೆ ಇರಿ, ಆಮೇಲೆ ವಾಪಸ್ ಬನ್ನಿ ಅಂತ ಹೇಳಿತು. ಜನರನ್ನು ದಕ್ಷಿಣಕ್ಕಿರುವ ರಾಮೆ ಅನ್ನೋ ಊರಿಗೆ ಸಾಗಿಸಿದರು. ಹದಿನೈದು ದಿನಕ್ಕೆ ಏನು ಸಾಮಾನು ಬೇಕು? ಪಾತ್ರೆ ಪಗಡೆ ಎಲ್ಲ ಮನೆಯಲ್ಲೇ ಬಿಟ್ಟು ಹೊರಟರು.

ಹದಿನೈದು ದಿನ ತಿಂಗಳಾಯಿತು, ವರ್ಷವಾಯಿತು. ಇವರು ಇಸ್ರೇಲಿನ ಪ್ರಜೆಗಳು ಅನ್ನೋದು ನೆನಪಿರಲಿ, ಗಡಿ ದಾಟಿದವರಲ್ಲ. ಆ ದೇಶದ ಸುಪ್ರೀಂ ಕೋರ್ಟಿಗೇ ಹೋದರು. 1951ರ ಜುಲೈ 31ರಂದು ಕೋರ್ಟು ಇವರ ಪರ ತೀರ್ಪು ಕೊಟ್ಟಿತು. ಇವರನ್ನು ಹೊರಗೆ ಕಳಿಸುವಾಗ ಕಾನೂನುಬದ್ಧ ಆದೇಶವೇ ಇರಲಿಲ್ಲ, ಆದ್ದರಿಂದ ಊರಿಗೆ ಹೋಗದಂತೆ ತಡೆಯೋದಕ್ಕೆ ಆಧಾರ ಇಲ್ಲ ಅಂತ.

ಈಗ ತಮಾಷೆ ನೋಡಿ. ಆದೇಶ ಇರಲಿಲ್ಲ ಅಂತ ತಾನೇ ಸೋತಿದ್ದು? ಸರಿ, ಈಗ ಆದೇಶ ಹೊರಡಿಸೋಣ ಅಂತ ಸೇನೆ ಆ ಸೆಪ್ಟೆಂಬರಿನಲ್ಲಿ ತುರ್ತು ನಿಯಮಗಳ ಕೆಳಗೆ 'ಊರು ಬಿಡಿ' ಅಂತ ಇವರಿಗೆ ನೋಟಿಸ್ ಕೊಟ್ಟಿತು. ಯಾವ ಊರು? ಮೂರು ವರ್ಷದಿಂದ ಕಾಲಿಡೋಕೇ ಬಿಡದ ಊರು. ಆ ತುರ್ತು ನಿಯಮಗಳು 1945ರಲ್ಲಿ ಬ್ರಿಟಿಷರು ಮಾಡಿದ್ದು. ಇವರು ಮತ್ತೆ ಕೋರ್ಟಿಗೆ ಹೋದರು, ವಿಚಾರಣೆ 1952ರ ಫೆಬ್ರವರಿಗೆ ನಿಗದಿಯಾಯಿತು. ಅಷ್ಟರೊಳಗೆ, 1951ರ ಡಿಸೆಂಬರ್ 24ರಂದು, ಸೇನೆ ಊರಿನ ಮನೆಗಳನ್ನೆಲ್ಲ ಸಿಡಿಮದ್ದು ಇಟ್ಟು ಉಡಾಯಿಸಿತು. ಇಗರ್ಜಿ ಒಂದನ್ನು ಬಿಟ್ಟರು.

ಅಕ್ಕಾ, ನೀವು ಫೋಟೋ ತೆಗೆದದ್ದು ಅದೇ ಇಗರ್ಜಿ.

ಪೇಢಾ_ಪ್ರೇಮಿ:
ಡಿಸೆಂಬರ್ 24 ಅಂದ್ರ ಕ್ರಿಸ್ಮಸ್ ಹಿಂದಿನ ದಿನ ಅಲ್ರೀ? ಕ್ರಿಶ್ಚಿಯನ್ನರ ಊರು, ಅವತ್ತೇ ಬೇಕಾಗಿತ್ತೇನ್ರಿ ಇವರಿಗೆ?

ಕರಿಕೋಟು:
ಹೌದು ಅದೇ ದಿನ. ಬೇಕಂತಲೇ ಆ ದಿನ ಆರಿಸಿದರೋ ಇಲ್ಲವೋ ಅದರ ಬಗ್ಗೆ ನಾನು ವಾದ ಮಾಡಲ್ಲ. ನನಗೆ ಮುಖ್ಯವಾಗಿ ಕಾಣೋದು ಫೆಬ್ರವರಿ. ವಿಚಾರಣೆಗೆ ಇನ್ನೂ ತಿಂಗಳ ಮೇಲಿದೆ, ದಾವೆಯ ವಸ್ತುವೇ ಇಲ್ಲದಂತೆ ಮಾಡಿಬಿಟ್ಟರು. ನಮ್ಮ ತಾಲೂಕು ಕೋರ್ಟಿನಲ್ಲಿ ಬೇಲಿ ಜಗಳಕ್ಕೂ 'ಯಥಾಸ್ಥಿತಿ ಕಾಪಾಡಿ' ಅಂತಾರೆ.

ಲೆಕ್ಕದಮೇಷ್ಟ್ರು:
ಇಕ್ರಿತ್ ಜಮೀನು 24,722 ಅಂತ ಎಲ್ಲೋ ಓದಿದ ನೆನಪು. 490 ಜನಕ್ಕೆ 24 ಸಾವಿರ ಎಕರೆಯಾ? ಜಮೀನ್ದಾರರು ಬಿಡಿ.

ನಕ್ಷೆಹುಚ್ಚ:
ಮೇಷ್ಟ್ರೇ, ಎಕರೆ ಅಲ್ಲ, ದುನಮ್. ಒಂದು ದುನಮ್ ಅಂದರೆ ಸಾವಿರ ಚದರ ಮೀಟರು. ಹತ್ತಿರ ಹತ್ತಿರ ನಾಲ್ಕು ದುನಮ್‌ಗೆ ಒಂದು ಎಕರೆ, ಅಂದರೆ ನಮ್ಮ ಲೆಕ್ಕದಲ್ಲಿ ಒಂದು ದುನಮ್ ಹತ್ತು ಗುಂಟೆ. ಒಟ್ಟು ಸುಮಾರು 6,100 ಎಕರೆ. ಅದರಲ್ಲಿ ಬಹುಪಾಲು ಕಾಡು, ಕಲ್ಲುಗುಡ್ಡ.

ಲೆಕ್ಕದಮೇಷ್ಟ್ರು:
ಒಪ್ಪಿದೆ. ಹೆಸರು ಬದಲಾಯಿಸ್ಕೋಬೇಕು ನಾನು.

ನೇರನುಡಿ:
ನಾನು ಸ್ವಲ್ಪ ಬೇರೆ ಮಾತು ಹೇಳ್ತೀನಿ, ಬೈಬೇಡಿ. 1948ರಲ್ಲಿ ಯುದ್ಧ ಶುರು ಮಾಡಿದ್ದು ಅರಬ್ ದೇಶಗಳು. ಅದೇ ವರ್ಷಗಳಲ್ಲಿ ಇರಾಕ್, ಯೆಮೆನ್, ಮೊರಾಕೊದಿಂದ ಲಕ್ಷಾಂತರ ಯಹೂದಿಗಳು ಉಟ್ಟ ಬಟ್ಟೆಯಲ್ಲಿ ಬಂದರು. ಅವರ ಮನೆಗಳ ಬಗ್ಗೆ ಯಾರೂ ಇಲ್ಲಿ ಚರ್ಚೆಯ ದಾರ ತೆರೆಯಲ್ಲ. ಮೇಲಾಗಿ ಇದು ಲೆಬನಾನ್ ಗಡಿ. 2023ರ ಅಕ್ಟೋಬರ್ ಆದಮೇಲೆ ಹೆಜ್ಬೊಲ್ಲಾ ರಾಕೆಟ್ಟಿಗೆ ಇಸ್ರೇಲೇ ತನ್ನ ಉತ್ತರದ ಊರುಗಳಿಂದ ಹತ್ತಾರು ಸಾವಿರ ಜನರನ್ನು ಖಾಲಿ ಮಾಡಿಸ್ತು. ಭದ್ರತೆ ಅನ್ನೋದು ಬರೀ ನೆಪ ಅಲ್ಲ.

ಕರಿಕೋಟು:
ಬೈಯೋದು ಯಾಕೆ? ಯಹೂದಿಗಳ ವಿಷಯ ನಿಜ, ಅದಕ್ಕೂ ದಾರ ತೆರೆಯಿರಿ, ನಾನೂ ಬರೀತೀನಿ. ಆದರೆ ಭದ್ರತೆ ವಾದ ಇಲ್ಲಿ ನಿಲ್ಲಲ್ಲ. ಅದೇ ಗಡಿ, ಅದೇ ಗುಡ್ಡಸಾಲು, ಅದೇ ಇಕ್ರಿತ್ ಜಮೀನಿನಲ್ಲಿ ಬೇರೆಯವರನ್ನು ತಂದು ಕೂರಿಸಿದರಲ್ಲ? ಶೋಮೆರಾ ಗಡಿಗೆ ಎಷ್ಟು ದೂರ, ನಕ್ಷೆ ನೋಡಿ. ಅಪಾಯದ ಜಾಗ ಆಗಿದ್ದರೆ ಎಲ್ಲರಿಗೂ ಅಪಾಯದ ಜಾಗ.

ನೇರನುಡಿ:
ಅಲ್ಲಿ ಕೂತವರು ಆ ದೇಶಕ್ಕೆ ನಿಷ್ಠರು. ಯುದ್ಧಕಾಲದಲ್ಲಿ ಸರ್ಕಾರ ಆ ಲೆಕ್ಕ ಹಾಕಬಾರದು ಅಂತೀರಾ?

ನಕ್ಷೆಹುಚ್ಚ:
ಫಸ್ಸೂತಾ ನೋಡಿ. ಅದೂ ಅರಬ್ ಕ್ರೈಸ್ತರ ಊರು, ಅದೇ ಪಂಗಡ, ಅದೇ ಗಡಿ ಸೀಮೆ. ಅದು ಇವತ್ತಿಗೂ ಇದೆ, ಜನ ಇದ್ದಾರೆ. ಪಕ್ಕದ ಮಿಇಲ್ಯಾದವರೂ 1948ರಲ್ಲಿ ಹೊರಬಿದ್ದವರೇ, ವಾಪಸ್ ಬರೋಕೆ ಬಿಟ್ಟರು. ಒಂದು ಊರನ್ನು ಬಿಟ್ಟು ಇನ್ನೊಂದನ್ನು ಉಡಾಯಿಸಿದ್ದಕ್ಕೆ ನಿಷ್ಠೆಯ ಲೆಕ್ಕ ಸಾಲಲ್ಲ.

ನೇರನುಡಿ:
ಮಿಇಲ್ಯಾ ವಿಷಯ ನನಗೆ ಗೊತ್ತಿರಲಿಲ್ಲ. ಒಪ್ತೀನಿ ಅಂತಲ್ಲ, ಓದ್ತೀನಿ.

ಪೇಢಾ_ಪ್ರೇಮಿ:
ಆಮ್ಯಾಲೆ ಏನಾತ್ರಿ? ಜಮೀನು ಯಾರ ಹೆಸರಿಗಿ ಹೋತು?

ಕರಿಕೋಟು:
1953ರಲ್ಲಿ ಭೂಸ್ವಾಧೀನ ಕಾಯ್ದೆ ಒಂದು ಮಾಡಿ ಜಮೀನು ಸರ್ಕಾರಕ್ಕೆ ತಗೊಂಡರು. ಆಗಲೇ ಆಗಿಹೋದ ವಶವನ್ನು ಆಮೇಲೆ ಸಕ್ರಮ ಮಾಡುವ ಕಾಯ್ದೆ. ನಮ್ಮಲ್ಲಿ ಅಕ್ರಮ-ಸಕ್ರಮ ಗೊತ್ತಲ್ಲ, ಅದನ್ನ ಸರ್ಕಾರ ತನಗೆ ತಾನೇ ಮಾಡಿಕೊಂಡ ಹಾಗೆ. ಪರಿಹಾರ ಕೊಡ್ತೀವಿ ಅಂದರು, ಬಹಳ ಜನ ಬೇಡ ಅಂದರು. ತಗೊಂಡರೆ ಮಾರಿದ ಹಾಗೆ ಆಗುತ್ತೆ ಅಂತ.

ಸುಮ್ನೆಓದ್ತೀನಿ:
ಅದು 'ಗೈರುಹಾಜರಿ ಆಸ್ತಿ' ಕಾನೂನಲ್ವಾ? ಊರಲ್ಲಿಲ್ಲದವರ ಆಸ್ತಿ ಸರ್ಕಾರಕ್ಕೆ ಅಂತ. ದೇಶದೊಳಗೇ ಇದ್ದರೂ ಗೈರುಹಾಜರಿ ಅಂತ ಲೆಕ್ಕ ಹಾಕ್ತಿದ್ರಂತೆ.

ಕರಿಕೋಟು:
ಆ ಕಾನೂನು 1950ದು, ಬೇರೆ. ನೀವು ಹೇಳಿದ ಮಾತು ಮಾತ್ರ ಸರಿ. ಅಂಥವರಿಗೆ 'ಹಾಜರಿರುವ ಗೈರುಹಾಜರಿಗಳು' ಅಂತ ಹೆಸರೇ ಬಿದ್ದಿದೆ. ಇದ್ದೂ ಇಲ್ಲದವರು. ಇಕ್ರಿತ್ ಜಮೀನು ಹೋಗಿದ್ದು 1953ರ ಕಾಯ್ದೆಯಲ್ಲಿ. ಈ ಸಲ ಸುಮ್ಮನೆ ಓದಿದ್ದು ಸಾರ್ಥಕ ಆಯ್ತು ನಿಮ್ಮದು.

ಬಾವುಟಗುಡ್ಡ_ಮಂಗ್ಳೂರು:
ಇಗರ್ಜಿ ಬಗ್ಗೆ ನಾನು ಸ್ವಲ್ಪ ಹೇಳ್ತೇನೆ. ಅವರು ಮೆಲ್ಕೈಟ್ ಕ್ರೈಸ್ತರು. ಪೋಪರನ್ನು ಒಪ್ಪುತ್ತಾರೆ, ಆದ್ರೆ ಪೂಜೆ ಗ್ರೀಕ್ ಕ್ರಮದಲ್ಲಿ, ಭಾಷೆ ಅರಬ್ಬಿ. ಕೇರಳದ ಸಿರಿಯನ್ ಕ್ಯಾಥೊಲಿಕರು ರೋಮಿನ ಜೊತೆಗಿದ್ದೂ ತಮ್ಮದೇ ಕ್ರಮ ಇಟ್ಟುಕೊಂಡಿಲ್ವಾ, ಹಾಗೆಯೇ. 'ಮಲ್ಕಾ' ಅಂದ್ರೆ ಸಿರಿಯಕ್‌ನಲ್ಲಿ ಅರಸ. ಒಂದು ಕಾಲದಲ್ಲಿ ಬೈಜಾಂಟಿಯಂ ಅರಸನ ಪಕ್ಷ ಹಿಡಿದವರು ಅಂತ ಬೇರೆಯವರು ಇಟ್ಟ ಅಡ್ಡಹೆಸರು ಅದು.

ಇವರಿಗೆ 1960-70ರ ದಶಕದಲ್ಲಿ ಜೋಸೆಫ್ ರಾಯಾ ಅಂತ ಒಬ್ಬರು ಆರ್ಚ್‌ಬಿಷಪ್ ಇದ್ರು. ಅದಕ್ಕೆ ಮೊದಲು ಅಮೆರಿಕದ ಅಲಬಾಮಾದಲ್ಲಿ ಪಾದ್ರಿ ಆಗಿದ್ದವರು, ಮಾರ್ಟಿನ್ ಲೂಥರ್ ಕಿಂಗ್ ಅವರ ಸ್ನೇಹಿತರು. ಅಲ್ಲಿ ಕಲಿತದ್ದನ್ನು ಇಲ್ಲಿ ತಂದ್ರು. ಮೆರವಣಿಗೆ, ಧರಣಿ ಎಲ್ಲ. ಯಹೂದಿ ವಿದ್ಯಾರ್ಥಿಗಳು, ಲೇಖಕರು ಕೂಡ ಸೇರಿದ್ರು. 1972ರಲ್ಲಿ ಗೋಲ್ಡಾ ಮೇಯರ್ ಸರ್ಕಾರ ಊರಿಗೆ ವಾಪಸ್ ಬಿಡ್ಲಿಕ್ಕೆ ಆಗೋದಿಲ್ಲ ಅಂತ ಹೇಳಿದಾಗ ರಾಯಾ ಇಗರ್ಜಿಗಳನ್ನೇ ಮುಚ್ಚಿಸಿ ಪ್ರತಿಭಟನೆ ಮಾಡಿದ್ರು. ಆರ್ಚ್‌ಬಿಷಪರೇ ಪೂಜೆ ನಿಲ್ಲಿಸೋದು ಅಂದ್ರೆ ಎಂತ ಮಾತು ಅಂತ ಕ್ಯಾಥೊಲಿಕರಿಗೆ ಗೊತ್ತು.

ಬೈಬಲ್ ಓದಿದವರಿಗೆ ಅರಸ ಕಿತ್ತುಕೊಂಡ ನಾಬೋತನ ದ್ರಾಕ್ಷೆ ತೋಟ ನೆನಪಾಗ್ಬಹುದು. ಅದೂ ಅದೇ ಉತ್ತರ ಸೀಮೆಯಲ್ಲೇ ನಡೆದದ್ದು.

ನೇರನುಡಿ:
ಗೋಲ್ಡಾ ಮೇಯರ್ ಯಾಕೆ ಬೇಡ ಅಂದರು? ಭದ್ರತೆ ಅಂತ ತಾನೇ?

ಬಾವುಟಗುಡ್ಡ_ಮಂಗ್ಳೂರು:
ಭದ್ರತೆಯೂ ಹೇಳಿದ್ರು. ಇನ್ನೊಂದು ಕಾರಣವೂ ಇತ್ತು: ಇವರನ್ನು ಬಿಟ್ಟರೆ ಉಳಿದವರೂ ಕೇಳ್ತಾರೆ ಅಂತ. 1948ರಲ್ಲಿ ಖಾಲಿ ಆದ ಊರುಗಳು 400ಕ್ಕೂ ಹೆಚ್ಚು, ನಿರಾಶ್ರಿತರು ಏಳು ಲಕ್ಷದಷ್ಟು. ಒಂದು ಬಾಗಿಲು ತೆರೆದ್ರೆ ಎಲ್ಲ ಬಾಗಿಲೂ ತೆರೀಬೇಕಾಗ್ತದೆ ಅಂತ ಲೆಕ್ಕ.

ಕರಿಕೋಟು:
ಅದೇ ನಿಜವಾದ ಉತ್ತರ. ಉಳಿದದ್ದೆಲ್ಲ ಕಾಗದ.

ಹಳೇಪೇಟೆ_ಮೈಸೂರು:
ಗಲಿಲಾಯ, ಹೈಫಾ ಅಂದಾಗ ನೆನಪಾಯ್ತು. ನಮ್ಮ ಮೈಸೂರು ಲ್ಯಾನ್ಸರ್ಸ್ ಆ ಕಡೆ ಯುದ್ಧ ಮಾಡಿದ್ದು ಗೊತ್ತಾ? 1918ರ ಸೆಪ್ಟೆಂಬರ್ 23, ಹೈಫಾ. ಜೋಧಪುರದವರು ಊರೊಳಗೆ ಕುದುರೆ ನುಗ್ಗಿಸಿದರು, ನಮ್ಮವರು ಕಾರ್ಮೆಲ್ ಬೆಟ್ಟದ ಇಳಿಜಾರು ಹತ್ತಿ ಮೇಲಿದ್ದ ತೋಪುಗಳನ್ನು ಹಿಡಿದರು. ಮಷಿನ್‌ಗನ್ ಎದುರು ಕುದುರೆ ಮೇಲೆ ಈಟಿ ಹಿಡ್ಕೊಂಡು! ದೆಹಲಿಯ ತೀನ್ ಮೂರ್ತಿಯಲ್ಲಿರೋ ಮೂರು ಸೈನಿಕರಲ್ಲಿ ಒಬ್ಬ ಮೈಸೂರಿನವನು. ಬೆಂಗಳೂರು ಜೆ.ಸಿ. ನಗರದಲ್ಲೂ ಸ್ಮಾರಕ ಇದೆ, ಟ್ರಾಫಿಕ್‌ನಲ್ಲಿ ಯಾರ ಕಣ್ಣಿಗೂ ಬೀಳಲ್ಲ ಅಷ್ಟೆ.

ಪೇಢಾ_ಪ್ರೇಮಿ:
ಬಂತು ನೋಡ್ರಿ ಮೈಸೂರು. ಯಾವ ದಾರದಾಗೂ ಮೈಸೂರು ಬರಲಿಲ್ಲಂದ್ರ ಇವರಿಗೆ ಉಂಡದ್ದು ಕರಗೂದಿಲ್ಲ.

ಹಳೇಪೇಟೆ_ಮೈಸೂರು:
ಸುಮ್ನಿರಪ್ಪ, ಸಂಬಂಧ ಇದೆ. ತುರ್ಕರಿಂದ ಆ ನೆಲ ಬ್ರಿಟಿಷರ ಕೈಗೆ ಹೋಗಿದ್ದೇ ಆ ದಂಡಯಾತ್ರೆಯಲ್ಲಿ. ವಕೀಲರು ಹೇಳಿದ 1945ರ ತುರ್ತು ನಿಯಮ ಮಾಡೋಕೆ ಬ್ರಿಟಿಷರು ಅಲ್ಲಿರಬೇಕಿತ್ತಲ್ಲ, ಅವರನ್ನ ಅಲ್ಲಿ ಕೂರಿಸೋದ್ರಲ್ಲಿ ನಮ್ಮ ಕುದುರೆಗಳ ಪಾಲೂ ಇದೆ.

ನಿರ್ವಾಹಕ:
ಲ್ಯಾನ್ಸರ್ಸ್ ಬಗ್ಗೆ ಬೇರೆ ದಾರ ಈಗಾಗಲೇ ಇದೆ, ಅಲ್ಲಿ ಮುಂದುವರಿಸಿ. ಇಲ್ಲಿ ಇಕ್ರಿತ್.

ನಕ್ಷೆಹುಚ್ಚ:
ಇಕ್ರಿತ್ ಜತೆ ಕಫ್ರ್ ಬಿರ್ಇಮ್ ಹೇಳದಿದ್ದರೆ ಅರ್ಧ ಕಥೆ. ಇನ್ನೂ ಪೂರ್ವಕ್ಕಿದ್ದ, ಮಾರೊನೈಟ್ ಅನ್ನೋ ಇನ್ನೊಂದು ಪಂಗಡದ ಕ್ರೈಸ್ತರ ಊರು, 1945ರಲ್ಲಿ 710 ಜನ. ಅದೇ ನವೆಂಬರ್, ಸ್ವಲ್ಪ ದಿನದ ಮಟ್ಟಿಗೆ ಅನ್ನೋ ಅದೇ ಮಾತು. ಹೆಚ್ಚಿನವರು ಹತ್ತಿರದ ಜಿಶ್ ಊರಲ್ಲಿ ನಿಂತರು. 1953ರ ಸೆಪ್ಟೆಂಬರ್ 16ರಂದು ವಿಮಾನದಿಂದ ಬಾಂಬು ಹಾಕಿ ಆ ಊರನ್ನು ಒಡೆದರು. ಊರಿನವರು ಎದುರಿನ ಗುಡ್ಡದ ಮೇಲೆ ನಿಂತು ನೋಡಿದರು. ಆ ಗುಡ್ಡಕ್ಕೆ 'ಅಳುವ ಗುಡ್ಡ' ಅಂತಲೇ ಹೆಸರಾಗಿದೆ.

ಈಗ ಆ ಜಾಗ ರಾಷ್ಟ್ರೀಯ ಉದ್ಯಾನ. ಅಲ್ಲಿ ಬಹಳ ಹಳೇ ಯಹೂದಿ ಪ್ರಾರ್ಥನಾ ಮಂದಿರ (ಸಿನಗಾಗ್) ಒಂದಿದೆ, ನಿಜಕ್ಕೂ ಚೆಂದ. ಪ್ರವಾಸಿಗರು ಅದನ್ನು ನೋಡೋಕೆ ಬರುತ್ತಾರೆ. ಸಾವಿರಕ್ಕೂ ಹೆಚ್ಚು ವರ್ಷ ಹಿಂದಿನ ಕಲ್ಲಿಗೆ ಫಲಕ ಇದೆ, ಎಪ್ಪತ್ತು ವರ್ಷ ಹಿಂದಿನ ಮನೆಯ ಗೋಡೆ ಪಕ್ಕದಲ್ಲೇ ಗಿಡ ಬೆಳೆದು ನಿಂತಿದೆ. ಇಗರ್ಜಿ ಉಳಿದಿದೆ, ಬಿರ್ಇಮ್ ಮನೆತನದವರು ಮದುವೆ, ನಾಮಕರಣಕ್ಕೆ ಅಲ್ಲಿಗೇ ಬರುತ್ತಾರೆ.

ಕಡಲತಡಿ_ಉಡುಪಿ:
ಎಲ್ಲರಿಗೂ ಥ್ಯಾಂಕ್ಸ್ ಮಾರಾಯ್ರೆ, ಕೆಲಸದಲ್ಲಿದ್ದೆ, ಈಗ ಎಲ್ಲ ಒಟ್ಟಿಗೆ ಓದಿದೆ. ವಕೀಲರು "ಹದಿನೈದು ದಿನ" ಅಂತ ಬರೆದಿದ್ದಾರಲ್ಲ, ಅಲ್ಲಿಗೆ ಬಂದಾಗ ನಿಲ್ಲಿಸಿದೆ. ಆ ಟ್ಯಾಕ್ಸಿ ಅಂಕಲ್ ಎರಡು ಬೆರಳು ತೋರಿಸಿ "ಉಸ್ಬುಏನ್" ಅಂತ ಏನೋ ಹೇಳಿದ್ದರು. ಅರಬ್ಬಿ ಗೊತ್ತಿರುವವರು ಹೇಳಿ, ಅದರ ಅರ್ಥ ಎಂತ?

ದಮ್ಮಾಮ್_ಭಟ್ಕಳಿ:
ಎರಡು ವಾರ.

ಕಡಲತಡಿ_ಉಡುಪಿ:
ಅಯ್ಯೋ ದೇವರೇ. ನಾವು ಎರಡು ಗಂಟೆ ಅಂದುಕೊಂಡು ಓಡಿದ್ದು.

ಪೇಢಾ_ಪ್ರೇಮಿ:
ಅದಕ್ಕ ನಕ್ಕಾರ ಅವರು. ಎಷ್ಟ್ ಸಲ ಹೇಳಿ ಹೇಳಿ ಸಾಕಾಗಿರಬೇಕು.

ಕಡಲತಡಿ_ಉಡುಪಿ:
ಆದರೆ ಗೋರಿ ಪ್ರಶ್ನೆಗೆ ಇನ್ನೂ ಯಾರೂ ಉತ್ತರ ಕೊಡಲಿಲ್ಲ.

ಕರಿಕೋಟು:
ಕ್ಷಮಿಸಿ, ಕೋರ್ಟು ಕೋರ್ಟು ಅಂತ ಅದನ್ನೇ ಮರೆತೆ. 70ರ ದಶಕದ ಆರಂಭದಲ್ಲಿ ಅಷ್ಟೆಲ್ಲ ಹೋರಾಟ ಆದಮೇಲೆ ಎರಡು ವಿಷಯಕ್ಕೆ ಬಿಟ್ಟುಕೊಟ್ಟರು. ಇಗರ್ಜಿ ದುರಸ್ತಿ ಮಾಡಿ ಪೂಜೆ ಮಾಡಬಹುದು, ಸತ್ತವರನ್ನು ಊರಿನ ಸಿಮೆಟ್ರಿಯಲ್ಲಿ ಹೂಳಬಹುದು. ಬದುಕಿರೋವಾಗ ಹೈಫಾದಲ್ಲೋ ರಾಮೆಯಲ್ಲೋ ಇರ್ತಾರೆ, ಸತ್ತಮೇಲೆ ಊರಿಗೆ ಬರ್ತಾರೆ. ನೀವು ನೋಡಿದ ಹೂವು ಯಾರೋ ಆಗಷ್ಟೇ ಇಟ್ಟು ಹೋಗಿದ್ದು.

ಸುಮ್ನೆಓದ್ತೀನಿ:
ಸತ್ತರೆ ಮಾತ್ರ ಪ್ರವೇಶ. ಎಂಥಾ ನಿಯಮ.

ನೇರನುಡಿ:
ಇದಾದಮೇಲೆ ಕೋರ್ಟಿಗೆ ಹೋಗಲೇ ಇಲ್ವಾ?

ಕರಿಕೋಟು:
ಹೋದರು. ರಾಬಿನ್ ಸರ್ಕಾರ ಇದ್ದಾಗ ನ್ಯಾಯಮಂತ್ರಿ ಲಿಬಾಯಿ ಅವರ ನೇತೃತ್ವದಲ್ಲಿ ಸಮಿತಿ ಆಯ್ತು, 1995ರಲ್ಲಿ ಸೀಮಿತವಾಗಿ ವಾಪಸ್ ಬರೋಕೆ ಬಿಡಬಹುದು ಅಂತ ಶಿಫಾರಸು ಮಾಡಿತು. ಎಷ್ಟು ಜಾಗ, ಮನೆಗೆ ಎಷ್ಟು ಮಕ್ಕಳು ಅನ್ನೋ ಷರತ್ತು ನೋಡಿ ಊರಿನವರೇ ಗೊಣಗಿದರು. ಅಷ್ಟೂ ಜಾರಿಯಾಗಲಿಲ್ಲ. 2001ರಲ್ಲಿ ಶರೋನ್ ಸಂಪುಟ ಬೇಡ ಅಂತ ನಿರ್ಧರಿಸಿತು, 2003ರಲ್ಲಿ ಸುಪ್ರೀಂ ಕೋರ್ಟು ಅರ್ಜಿ ವಜಾ ಮಾಡಿತು. 1951ರಲ್ಲಿ ಗೆಲ್ಲಿಸಿದ ಅದೇ ಕೋರ್ಟು. 52 ವರ್ಷ ಹಿಡೀತು ಗೆದ್ದ ಕೇಸು ಸೋಲೋಕೆ.

ಬಾವುಟಗುಡ್ಡ_ಮಂಗ್ಳೂರು:
2012ರ ಆಗಸ್ಟಿನಿಂದ ಮೊಮ್ಮಕ್ಕಳ ತಲೆಮಾರಿನ ಹುಡುಗರು ಇಗರ್ಜಿಗೆ ತಾಗಿದ ಕೋಣೆಯಲ್ಲಿ ಪಾಳಿ ಹಾಕಿಕೊಂಡು ಇರ್ಲಿಕ್ಕೆ ಶುರು ಮಾಡಿದ್ರು. ಊರು ನೋಡಿದವರಲ್ಲ ಅವರು, ಬೇಸಿಗೆ ಶಿಬಿರದಲ್ಲಿ ಅಜ್ಜಂದಿರ ಬಾಯಲ್ಲಿ ಕೇಳಿದವರು. ಗಿಡ ನೆಟ್ರೆ ಅಧಿಕಾರಿಗಳು ಬಂದು ಕಿತ್ತು ಹಾಕೋದು, ಇವರು ಮತ್ತೆ ನೆಡೋದು. ಹೊಸ ಗೋಡೆ ಕಟ್ಟುವ ಹಾಗಿಲ್ಲ. ತಿಂಗಳಿಗೊಮ್ಮೆ ಪೂಜೆ, ಈಸ್ಟರಿಗೆ, ಕ್ರಿಸ್ಮಸಿಗೆ ಊರಿನವರೆಲ್ಲ ಸೇರ್ತಾರೆ.

ಲೆಕ್ಕದಮೇಷ್ಟ್ರು:
ಅಕ್ಕ, ನಿಮ್ಮ ಫೋಟೋದಲ್ಲಿ ಇಗರ್ಜಿ ಪಕ್ಕ ಬಟ್ಟೆ ಒಣಗಿಸಿದ ಹಗ್ಗ ಕಾಣ್ತಿದೆಯಲ್ಲ? ಎಡಗಡೆ ಮೂಲೆ. ಮೂರು ಶರ್ಟು, ಒಂದು ಟವೆಲ್. ಈ ಸಲ ಲೆಕ್ಕ ಸರಿ ಇದೆ ಅಂದ್ಕೊಂಡಿದ್ದೀನಿ.

ಕಡಲತಡಿ_ಉಡುಪಿ:
ಹೌದು ಮೇಷ್ಟ್ರೇ! ನಾನು ಅದನ್ನು ಗಮನಿಸಿಯೇ ಇರಲಿಲ್ಲ. ದೊಡ್ಡದು ಮಾಡಿ ನೋಡಿದೆ, ಒಂದು ಶರ್ಟಿನಿಂದ ಇನ್ನೂ ನೀರು ತೊಟ್ಟಿಕ್ಕುತ್ತಾ ಉಂಟು.